ಲಿಂಗ ಮುಟ್ಟಿ ಬಿಟ್ಟ ಗುಳಿಗೆ

ಕೆಂಪು ಪೆನ್ಸಿಲ್ ಹಿಡಿದು ಪಾಠ ಮಾಡುವುದನ್ನು ನನಗೆ ಯಾವ ಕಾಲೇಜೂ ಕಲಿಸಲಿಲ್ಲ. ಉದಗೀರದಲ್ಲಿ ನಮ್ಮಪ್ಪನದು ಕಾಳು ಮಾರಿಸಿಕೊಡುವ ಅಡತಿ ಅಂಗಡಿ ಇತ್ತು. ರೈತರು ತಂದ ತೊಗರಿಯನ್ನು ಅಂಗೈ ಮೇಲೆ ಹರಡಿಕೊಂಡು, ಒಂದೇ ಬೆರಳಿನಿಂದ ಕಲ್ಲು, ಕಸ, ಹುಳುಕನ್ನೆಲ್ಲ ಅತ್ತ ಸರಿಸುತ್ತಿದ್ದರು. ಉಳಿದದ್ದು ಕಾಳು. ನಾನು ಡಾಕ್ಟರಾದೆ, ಔಷಧಶಾಸ್ತ್ರ ಕಲಿಸುವವಳಾದೆ, ಕೈ ಮಾತ್ರ ಅಡತಿ ಅಂಗಡಿಯ ಮಗಳದೇ ಉಳಿಯಿತು. ಮದ್ದಿನ ಚೀಟಿ ಕಂಡರೆ ಸಾಕು, ಇದರಲ್ಲಿ ಏನನ್ನು ಅತ್ತ ಸರಿಸಲಿ ಎಂದು ಬೆರಳು ಹುಡುಕುತ್ತದೆ.

ನಾನು ಹೇಳಹೊರಟಿರುವುದು ಗಡಿಯ ಮರಾಠಿ ಸೀಮೆಯಲ್ಲಿರುವ ಉಮರಗಾದ ಒಂದು ಚಳಿಗಾಲದ ಮಾತು. ನಮ್ಮ ಕಾಲೇಜಿನ ತರಬೇತಿ ದವಾಖಾನೆ ಊರ ಹೊರಗೆ, ಹೆದ್ದಾರಿಯ ಬದಿಗೆ ಇತ್ತು. ಎಂಬಿಬಿಎಸ್ ಪರೀಕ್ಷೆ ಮುಗಿಸಿದ, ಆದರೆ ಇನ್ನೂ ಪೂರ್ತಿ ಡಾಕ್ಟರೆನಿಸದ ಹುಡುಗ ಹುಡುಗಿಯರು ಅಲ್ಲಿ ರೋಗಿಗಳನ್ನು ನೋಡುತ್ತ ಕಲಿಯುತ್ತಿದ್ದರು. ಅವರಿಗೆ ಮದ್ದು ಬರೆಯುವುದನ್ನು ಕಲಿಸುವುದು ನನ್ನ ಕೆಲಸ. ಸರಿಯಾಗಿ ಹೇಳಬೇಕೆಂದರೆ, ಬರೆಯದೆ ಇರುವುದನ್ನು ಕಲಿಸುವುದು. ವಾರದಲ್ಲಿ ಕೆಲವು ದಿನ ಉಮರಗಾ, ಉಳಿದ ದಿನ ನಿಲಂಗಾ, ಉದಗೀರ. ಮೂರು ಕಡೆಯೂ ನಮ್ಮ ಹುಡುಗರಿದ್ದರು, ಮೂರು ಕಡೆಯೂ ಅದೇ ಹುಚ್ಚು.

ಹುಚ್ಚು ಎಂದೇ ಹೇಳುತ್ತೇನೆ, ಮುಲಾಜಿಲ್ಲ. ನೆಗಡಿ ಎಂದು ಬಂದವನಿಗೆ ಒಂದು ಆಂಟಿಬಯೋಟಿಕ್, ಅದು ಹೊಟ್ಟೆ ಸುಡದಿರಲಿ ಎಂದು ಒಂದು ಗುಳಿಗೆ, ಶಕ್ತಿಗೆಂದು ಒಂದು, ಕೆಮ್ಮು ಇಲ್ಲದಿದ್ದರೂ ಇರಲಿ ಎಂದು ಒಂದು ಬಾಟಲಿ, ಕೊನೆಗೆ ಒಂದು ಸೂಜಿ. ರೋಗಿಗಳೂ ಕಡಿಮೆಯವರಲ್ಲ. ಒಳಗೆ ಕಾಲಿಡುವಾಗಲೇ ‘ಸುಯಿ ದ್ಯಾ’ ಎಂದು ತೋಳು ಮಡಚಿಕೊಂಡು ಬರುತ್ತಾರೆ. ಸೂಜಿ ಚುಚ್ಚದ ಡಾಕ್ಟರು ಅವರ ಲೆಕ್ಕದಲ್ಲಿ ಡಾಕ್ಟರೇ ಅಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂತೆ, ನಾನು ಒಂದು ಕಡೆ ಜಗ್ಗಿದರೆ ಇಡೀ ತಾಲೂಕು ಇನ್ನೊಂದು ಕಡೆ ಜಗ್ಗುತ್ತಿತ್ತು.

ಮಧ್ಯಾಹ್ನ ರೋಗಿಗಳ ಸಾಲು ಕರಗಿದ ಮೇಲೆ ನನ್ನ ದರಬಾರು ಶುರು. ಹುಡುಗರು ಅಂದಿನ ಚೀಟಿಗಳ ನಕಲು ತಂದು ಮೇಜಿನ ಮೇಲೆ ಇಡಬೇಕು. ನಾನು ಒಂದೊಂದು ಸಾಲಿನ ಮೇಲೆ ಪೆನ್ಸಿಲ್ ಇಟ್ಟು ಒಂದೇ ಪ್ರಶ್ನೆ ಕೇಳುತ್ತಿದ್ದೆ: ಯಾಕೆ? ತಡವರಿಸದೆ ಉತ್ತರ ಬಂದರೆ ಆ ಸಾಲು ಉಳಿಯಿತು. ‘ಎಲ್ಲರೂ ಕೊಡ್ತಾರೆ ಮೇಡಂ’ ಎಂದರೋ, ಕೆಂಪು ಗೆರೆ. ಮೊದಲ ವಾರ ಚೀಟಿಗಳೆಲ್ಲ ಕೆಂಪಾಗಿ ಹೋಗುತ್ತಿದ್ದವು. ಪುಣೆಯ ಕಡೆಯ ಒಬ್ಬ ಹುಡುಗ, ಬಾಯಿ ಬಲ ಇದ್ದವನು, ಒಮ್ಮೆ ತನ್ನ ಚೀಟಿಯನ್ನು ಎತ್ತಿ ಹಿಡಿದು, “ಇಷ್ಟೆಲ್ಲ ಕಡಿದರೆ ರೋಗಿಯ ಕೈಯಲ್ಲಿ ಏನು ಉಳೀತು ಮೇಡಂ?” ಎಂದು ಮರಾಠಿಯಲ್ಲಿ ಕೇಳಿದ. “ಅವನ ಕಿಡ್ನಿ ಉಳೀತು” ಎಂದೆ. ಎಲ್ಲರೂ ನಕ್ಕರು. ನನಗೂ ನನ್ನ ಮಾತು ಹಿಡಿಸಿತು.

ಆ ತಂಡದಲ್ಲಿ ನಿಲಂಗಾ ಕಡೆಯ ಒಬ್ಬ ಹುಡುಗಿ ಇದ್ದಳು. ಸಣಕಲು ಮೈ, ಚುರುಕು ನಡಿಗೆ. ನಮ್ಮ ಕನ್ನಡ ಅವಳ ಮನೆಮಾತು. ಹಳ್ಳಿಯ ಮುದುಕಿಯರು ಬೇರೆ ಡಾಕ್ಟರ ಮುಂದಿನ ಸ್ಟೂಲು ಖಾಲಿ ಇದ್ದರೂ ಅವಳ ಸಾಲಿನಲ್ಲೇ ಹೋಗಿ ಕೂರುತ್ತಿದ್ದರು. ಎಲ್ಲರಿಗಿಂತ ಮೊದಲು ನನ್ನ ಪೆನ್ಸಿಲ್ಲಿಗೆ ಕೆಲಸ ಕೊಡುವುದನ್ನು ನಿಲ್ಲಿಸಿದವಳು ಅವಳು. ನನ್ನ ಬಳಿ ತರುವ ಮೊದಲೇ ತಾನೇ ಎಲ್ಲ ಕಡಿದಿರುತ್ತಿದ್ದಳು. ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿದ್ದರೂ ನನಗೆ ಆ ಹುಡುಗಿಯ ಮೇಲೆ ಜೀವ ಬಿದ್ದಿತ್ತು. ಇವಳೊಬ್ಬಳು ಕಲಿತರೆ ಸಾಕು, ನಾನು ಇಷ್ಟು ವರ್ಷ ಬಡಕೊಂಡದ್ದು ನೀರಿಗೆ ಹೋಗಲಿಲ್ಲ ಎಂದುಕೊಳ್ಳುತ್ತಿದ್ದೆ.

ನಮ್ಮ ದೊಡ್ಡ ತಲೆನೋವು ಸಂತೆಯ ಪುಡಿಕೆಯಾಗಿತ್ತು. ಮಂಡಿನೋವು, ಸೊಂಟನೋವು ಎಂದರೆ ಈ ಭಾಗದಲ್ಲಿ ಜನ ಮೊದಲು ಹೋಗುವುದು ದವಾಖಾನೆಗಲ್ಲ. ಸಂತೆಯಲ್ಲಿ ಚೀಲ ಹಾಸಿಕೊಂಡು ಕೂತವನೊಬ್ಬ ಹಳೆಯ ವರ್ತಮಾನ ಪತ್ರಿಕೆಯ ತುಂಡಿನಲ್ಲಿ ಬಿಡಿ ಗುಳಿಗೆಗಳನ್ನು ಸುತ್ತಿ ಕೊಡುತ್ತಾನೆ. ಯಾವ ಗುಳಿಗೆ, ಯಾವ ಕಂಪನಿ, ಹೆಸರೇನು, ಒಂದೂ ಇಲ್ಲ. ತಿಂದ ಗಳಿಗೆಗೆ ನೋವು ಮಾಯ. ಕಿಡ್ನಿ ಕೆಟ್ಟು, ಸಕ್ಕರೆ ಏರಿ, ಹೊಟ್ಟೆಯಲ್ಲಿ ಹುಣ್ಣಾಗಿ ಅದೇ ಜನ ನಮ್ಮ ಬಳಿ ಬರುತ್ತಿದ್ದರು. ಪುಡಿಕೆ ಬಿಡಿ ಎಂದರೆ ಕೋಲೆ ಬಸವನ ಹಾಗೆ ತಲೆ ಆಡಿಸುತ್ತಿದ್ದರು, ಬಾಗಿಲು ದಾಟಿ ನಳದ ನೀರಿನಲ್ಲಿ ಅದನ್ನೇ ನುಂಗುತ್ತಿದ್ದರು.

ಇದಕ್ಕೆ ಮದ್ದು ಕಂಡುಹಿಡಿದವಳು ನಿಲಂಗಾದ ಹುಡುಗಿಯೇ. ಯೆಣೆಗೂರದ ಹಿರಿಯರೊಬ್ಬರು ಹೀಗೆಯೇ ತಲೆ ಆಡಿಸಿದಾಗ ಅವಳು ಪೆನ್ನು ಕೆಳಗಿಟ್ಟು, “ಕಾಕಾ, ತಲಿ ಆಡಸೂದು ಬ್ಯಾಡ. ಕೊರಳಾಗಿನ ಲಿಂಗ ಮುಟ್ಟಿ ಹೇಳ್ರಿ” ಎಂದಳು. ನಮ್ಮವರಲ್ಲಿ ಕೊರಳಿನ ಲಿಂಗವನ್ನು ದಿನಾ ಅಂಗೈಯಲ್ಲಿಟ್ಟು ಪೂಜಿಸಿದ ಮೇಲೆಯೇ ಊಟ. ಅದನ್ನು ಮುಟ್ಟಿ ಸುಳ್ಳಾಡುವ ಧೈರ್ಯ ಯಾರಿಗೂ ಇಲ್ಲ. ಆ ಕಾಕಾನ ಕೈ ಎದೆಯ ಹತ್ತಿರ ಹೋಗಿ ಅಲ್ಲೇ ನಿಂತಿತು. “ತಡಿಯವಾ, ನಾಳಿಗಿ ವಿಚಾರ ಮಾಡಿ ಬಂದು ಮುಟ್ಟತೀನಿ” ಎಂದು ನಗುತ್ತ ಎದ್ದು ಹೋದರು. ಮರುದಿನ ಬಂದು ನಿಜಕ್ಕೂ ಮುಟ್ಟಿದರು. ಪುಡಿಕೆ ಬಿಟ್ಟರು.

ನಾನು ಕುಣಿದಾಡುವುದೊಂದು ಬಾಕಿ. ಯಾವ ಪುಸ್ತಕದಲ್ಲೂ ಇಲ್ಲದ್ದು ಇದು ಎಂದು ಉದಗೀರದಲ್ಲೂ ನಿಲಂಗಾದಲ್ಲೂ ಹೇಳಿಕೊಂಡು ತಿರುಗಿದೆ. ಅವಳ ಸಾಲಿನಲ್ಲಿ ಒಬ್ಬೊಬ್ಬರಾಗಿ ಆಣೆ ಮಾಡತೊಡಗಿದರು. ಸಾಬರ ಮನೆಯ ಒಬ್ಬ ಅಜ್ಜಿ ತಾನಾಗಿಯೇ ‘ಕಸಂ’ ಎಂದು ಕೈ ಎತ್ತಿದಳು.

ತುರೋರಿಯ ಆಯಿ ಬಂದದ್ದು ತೊಗರಿಯ ರಾಶಿ ನಡೆದಿದ್ದಾಗ. ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತಾರೆ, ಅಜ್ಜನಿಗೆ ಮುತ್ಯಾ. ಹೊಲಮನೆ ಗಟ್ಟಿಯಿದ್ದ ಒಕ್ಕಲುತನದ ಮನೆತನ. ಆಯಿಯದು ದುಂಡು ಮುಖ, ಕೆಂಪು ಗಲ್ಲ. ಹಿಂದೆ ಮುತ್ಯಾ ಆಕೆಯ ಕೈಚೀಲ ಹಿಡಿದು ನಿಂತಿದ್ದರು. ನಾನು ಪಕ್ಕದ ಮೇಜಿನಲ್ಲಿ ಕೂತು ಬೇರೆ ರೋಗಿಯನ್ನು ನೋಡುತ್ತಿದ್ದೆ, ಕಿವಿ ಈ ಕಡೆಗಿತ್ತು. ರಕ್ತದೊತ್ತಡ ಮೇಲೆ, ಪಾದಕ್ಕೆ ಬಾವು, ರಕ್ತ ಪರೀಕ್ಷೆಯಲ್ಲಿ ಕಿಡ್ನಿ ಸೋಲುತ್ತಿರುವ ಗುರುತು. ಹುಡುಗಿ ಪುಡಿಕೆ ಬಿಚ್ಚಿಸಿದಳು. ಒಂದು ದೊಡ್ಡ ಹಳದಿ ಗುಳಿಗೆ, ಒಂದು ಗುಲಾಬಿ, ಒಂದು ಸಣ್ಣ ಬಿಳಿಯದು. ಹಳದಿಯದು ನೋವಿನ ಗುಳಿಗೆ ಎಂದು ಅವಳು ತಕ್ಷಣ ಗುರುತಿಸಿದಳು. ಕಿಡ್ನಿ ತಿನ್ನುತ್ತಿದ್ದುದು ಅದೇ. ಉಳಿದ ಎರಡರ ಮೇಲೆ ಕಣ್ಣು ನಿಲ್ಲಲಿಲ್ಲ.

“ಆಯಿ, ಇದು ನಿಮ್ಮ ಕಿಡ್ನಿ ತಿನ್ಲಾಕತ್ಯಾದ. ಇವತ್ತೇ ಬಿಡಬೇಕು.”

“ಬಿಟ್ಟರ ನಾ ಎದ್ದು ನಿಂದ್ರೂದಿಲ್ಲ ನನ್ನವ್ವಾ. ಇದು ಹೊಟ್ಟ್ಯಾಗ ಬಿದ್ದರೇ ನನಗ ಮುಂಜಾನಿ ಆಗ್ತದ.”

“ನೋವಿಗಿ ನಾ ಬ್ಯಾರೆ ಕೊಡ್ತೀನಿ. ಈ ಪುಡಿಕಿ ಮಾತ್ರ ಬ್ಯಾಡ.”

ಹಿಂದಿನಿಂದ ಮುತ್ಯಾ, “ಹೂಂ ಅಂತಾಳ, ಮನಿಗಿ ಹೋಗಿ ತಿಂತಾಳ. ಈಕಿ ಹಟ ನನಗ ಗೊತ್ತದ” ಎಂದರು.

“ಹಂಗಾರ ಲಿಂಗ ಮುಟ್ಟಿ ಹೇಳ್ರಿ ಆಯಿ.”

ಆಯಿ ಹುಡುಗಿಯ ಮುಖವನ್ನೇ ನೋಡಿದರು. “ಯಾವೂರವಾ ನೀ?” ಎಂದು ಕೇಳಿದರು. ನಿಲಂಗಾ ಕಡೆಯಾಕೆ ಎಂದು ತಿಳಿದ ಮೇಲೆ, “ನನ್ನ ಮೊಮ್ಮಗಳ ವಾರಿಗಿ ಇದ್ದಿ. ನನ್ನ ಜೀವದ ಸಲುವಾಗಿ ಇಷ್ಟ ಬಡಕೋತಿ ಅಂದ್ರ ಇಲ್ಲ ಅನ್ನಾಕ ಆಗ್ತದೇನು?” ಎಂದು ಸೆರಗಿನೊಳಗೆ ಕೈ ಹಾಕಿ ಲಿಂಗ ಮುಟ್ಟಿದರು. “ಮುಟ್ಟೀನಿ. ಇನ್ನ ಈ ಪುಡಿಕಿ ನನ್ನ ಬಾಯಾಗ ಬೀಳೂದಿಲ್ಲ.”

ನಾನು ಪಕ್ಕದ ಮೇಜಿನಿಂದ ಭೇಷ್ ಎಂದೆ. ಅಂದಿನ ದರಬಾರಿನಲ್ಲಿ ಅವಳ ಚೀಟಿಯ ಮೇಲೆ ಕೆಂಪು ಗೆರೆ ಬೀಳಲಿಲ್ಲ. ರಕ್ತದೊತ್ತಡಕ್ಕೊಂದು, ನೋವಿಗೆ ಪ್ಯಾರಾಸಿಟಮಾಲ್, ಬಿಸಿನೀರಿನ ಶಾಖ. ಪ್ರತಿ ಸಾಲಿಗೂ ‘ಯಾಕೆ’ಗೆ ಉತ್ತರ ಇತ್ತು. ಹೀಗೆ ಬರೀಬೇಕು ನೋಡ್ರಪ್ಪಾ ಎಂದು ಆ ಚೀಟಿಯನ್ನು ಎಲ್ಲರಿಗೂ ತೋರಿಸಿದೆ.

ಕೆಲವು ದಿನ ಕಳೆದವು. ಒಂದು ಮುಂಜಾನೆ ನಾನು ನಿಲಂಗಾದಿಂದ ಉಮರಗಾಕ್ಕೆ ಎಸ್‌ಟಿ ಬಸ್ಸಿನಲ್ಲಿ ಬರುತ್ತಿದ್ದೆ. ಪುಣೆಯ ಹುಡುಗನ ಫೋನು ಬಂತು. ತುರೋರಿಯಿಂದ ಒಬ್ಬ ಹೆಣ್ಣುಮಗಳನ್ನು ತಂದಿದ್ದಾರೆ, ವಾಂತಿ ನಿಲ್ಲುತ್ತಿಲ್ಲ, ಹೊಟ್ಟೆನೋವು, ಸಣ್ಣ ಜ್ವರ, ರಕ್ತದೊತ್ತಡ ಕೈಗೆ ಸಿಗುತ್ತಿಲ್ಲ, ಊರಲ್ಲೇ ಯಾರೋ ಸಲಾಯಿನ್ ಹಾಕಿದ್ದರಂತೆ, ನಾವೂ ಹಾಕಿದೆವು, ಮೇಲೇಳುತ್ತಿಲ್ಲ ಎಂದ. ನಿಲಂಗಾದ ಹುಡುಗಿ ಅಂದು ಸಾಸ್ತೂರದ ಶಿಬಿರಕ್ಕೆ ಹೋಗಿದ್ದಳು.

ವಾರ್ಡಿಗೆ ಬಂದು ನೋಡಿದಾಗ ಆಯಿ ಎಂದು ಗುರುತು ಹಿಡಿಯಲು ನನಗೆ ಹೊತ್ತು ಬೇಕಾಯಿತು. ಮುಖ ಇನ್ನೂ ದುಂಡಗೇ ಇತ್ತು, ತುಟಿಗಳು ಒಣಗಿ ಬಿರಿದಿದ್ದವು. ಸೂಜಿ ಹಾಕಿದ ತೋಳನ್ನು ಎತ್ತಿದೆ. ತೋಳು ಕಡ್ಡಿ, ಚರ್ಮ ಉಳ್ಳಾಗಡ್ಡಿಯ ಸಿಪ್ಪೆಯಷ್ಟು ತೆಳು, ಅಲ್ಲಲ್ಲಿ ನೀಲಿ ಕಲೆ. ತುಂಬು ಮುಖ, ಬಡಕಲು ತೋಳು. ನಾನು ವರ್ಷವರ್ಷ ಪಾಠ ಮಾಡಿದ ಚಿತ್ರ ಅದು. ಅಂದು ಪಕ್ಕದ ಮೇಜಿನಲ್ಲಿ ಕೂತವಳಿಗೆ ಬರೀ ಉಂಡುಟ್ಟ ಮನೆಯ ಹೆಂಗಸಿನ ಗಲ್ಲ ಕಂಡಿತ್ತು.

“ಮುತ್ಯಾ, ಆ ಪುಡಿಕಿ ಎಂದಿನಿಂದ ತಗೋತಿದ್ರು?”

“ನಮ್ಮ ಸಣ್ಣ ಮಗಳ ಲಗ್ನ ಆದಾಗಿನಿಂದ್ರೀ. ಆಕಿ ಮಗ ಈಗ ಸಾಲಿಗಿ ಹೋಗ್ತಾನ.”

ಆ ಸಣ್ಣ ಬಿಳಿಯದು ಸ್ಟೀರಾಯ್ಡ್, ದುಂಡು ಮುಖವೂ ಬಡಕಲು ತೋಳೂ ಅದರದೇ ಕೆಲಸ. ನಮ್ಮ ಮೈ ತನಗೆ ಬೇಕಾದ ಸ್ಟೀರಾಯ್ಡನ್ನು ತಾನೇ ದಿನಾ ಮಾಡಿಕೊಳ್ಳುತ್ತದೆ. ಅದು ವರ್ಷಗಟ್ಟಲೆ ಹೊರಗಿನಿಂದ ಬರುತ್ತಿದ್ದರೆ ಒಳಗಿನ ಒಲೆ ಆರಿಹೋಗುತ್ತದೆ. ಹೊರಗಿನದನ್ನು ಒಮ್ಮೆಲೇ ನಿಲ್ಲಿಸಿದರೆ ಒಳಗೂ ಇಲ್ಲ, ಹೊರಗೂ ಇಲ್ಲ. ಒಂದು ಸಣ್ಣ ಜ್ವರ ಬಂದರೂ ತಾಳುವ ಶಕ್ತಿ ಇರುವುದಿಲ್ಲ. ಅದಕ್ಕೇ ಆ ಗುಳಿಗೆಯನ್ನು ಬಿಡಿಸಲೇಬೇಕು, ಆದರೆ ವಾರ ವಾರಕ್ಕೂ ಇಷ್ಟಿಷ್ಟೇ ಇಳಿಸಿ ಬಿಡಿಸಬೇಕು. ಎರಡನೇ ವರ್ಷದ ಹುಡುಗರೂ ಪರೀಕ್ಷೆಯಲ್ಲಿ ಇದನ್ನು ತಪ್ಪಿಲ್ಲದೆ ಬರೆಯುತ್ತಾರೆ. ನಿಲಂಗಾದ ಹುಡುಗಿಯೂ ಬರೆದಿದ್ದಳು.

ಹೈಡ್ರೊಕಾರ್ಟಿಸೋನ್ ತನ್ನಿ ಎಂದು ಕೂಗಿದೆ, ಅದೂ ಸ್ಟೀರಾಯ್ಡೇ, ಸೂಜಿಯಲ್ಲಿ ಕೊಡುವಂಥದು. ನಾನೇ ಏರಿಸಿದೆ. ಸಲಾಯಿನ್ನಿನ ಓಟ ಹೆಚ್ಚಿಸಿದೆವು, ಸಕ್ಕರೆ ಇಳಿದಿತ್ತು, ಅದನ್ನೂ ಕೊಟ್ಟೆವು. ಸೋಲಾಪುರಕ್ಕೆ ಒಯ್ಯಲು ಅಂಬುಲೆನ್ಸಿಗೆ ಹೇಳಿದೆವು. ನಡುವೆ ನಾಡಿ ತುಸು ಕೈಗೆ ಹತ್ತಿತು. ಆಯಿ ಕಣ್ಣು ಬಿಟ್ಟರು. ನನ್ನನ್ನು ನೋಡಿ, ಸುತ್ತಲೂ ನೋಡಿ, “ಆ ಪೋರಿ ಎಲ್ಲಿ?” ಎಂದರು.

“ಬರ್ತಾಳ ಆಯಿ. ಸಾಸ್ತೂರಕ್ಕ ಹೋಗ್ಯಾಳ.”

“ಆಕಿಗಿ ಹೇಳ್ರಿ. ಭಾಳ ತ್ರಾಸ ಆಯ್ತು. ಆದ್ರೂ ನಾ ಮಾತ ತಪ್ಪಿಲ್ಲ.”

ಹೇಳ್ತೀನಿ ಎಂದೆ. ಅಂಬುಲೆನ್ಸು ಅಂಗಳಕ್ಕೆ ಬರುವ ಹೊತ್ತಿಗೆ ನಾಡಿ ಮತ್ತೆ ಬಿಟ್ಟುಹೋಯಿತು. ಎದೆ ಒತ್ತಿದೆವು, ಪುಣೆಯ ಹುಡುಗ ಬೆವರಿ ನೀರಾದ. ಆಯಿ ಹೋದರು. ಮುತ್ಯಾ ನಮ್ಮೆಲ್ಲರಿಗೂ ಕೈ ಮುಗಿದರು. “ನೀವು ಮಾಡೂದು ಮಾಡೀರಿ. ಆಕಿ ಋಣ ತೀರಿತು” ಎಂದರು. ಆ ಮುಗಿದ ಕೈಗಳನ್ನು ನೋಡಲಾಗದೆ ನಾನು ಗೋಡೆಯ ಕಡೆ ತಿರುಗಿ ನಿಂತೆ.

ಶಿಬಿರದ ಜೀಪು ಹೊತ್ತು ಇಳಿಯುವಾಗ ಬಂತು. ತುರೋರಿಯ ಆಯಿ ತೀರಿಕೊಂಡರೆಂದು ಹುಡುಗಿಗೆ ಬಾಗಿಲಲ್ಲೇ ಯಾರೋ ಹೇಳಿದ್ದರು. ಓಡಿ ಬಂದಳು. ಮಂಚ ಖಾಲಿಯಿತ್ತು. ಪಕ್ಕದ ಟ್ರೇಯಲ್ಲಿ ನಾನು ಒಡೆದ ಹೈಡ್ರೊಕಾರ್ಟಿಸೋನಿನ ಸಣ್ಣ ಬಾಟಲಿಗಳು ಹಾಗೇ ಬಿದ್ದಿದ್ದವು. ಒಂದನ್ನು ಎತ್ತಿ ಹೆಸರು ಓದಿದಳು.

“ಆ ಸಣ್ಣ ಬಿಳೀದು” ಎಂದಳು.

“ಹೂಂ.”

“ಎಷ್ಟ ವರ್ಷದಿಂದ ಅಂತ ನಾ ಕೇಳಲಿಲ್ಲ ಮೇಡಂ.”

“ನಾನೂ ಕೇಳಲಿಲ್ಲ.”

ಆಯಿ ಕಳಿಸಿದ ಮಾತು ಇನ್ನೂ ನನ್ನ ಬಳಿಯೇ ಇತ್ತು. ಈ ಹುಡುಗಿಗೆ ಅದನ್ನು ಹೇಗೆ ಹೇಳುವುದು? ಹೇಳಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ. ಮರುದಿನವೂ ಹಾಗೆಯೇ ಅಂದುಕೊಂಡೆ.

ಮದ್ದು ಬರೆಯುವ ಧೈರ್ಯ ಅವಳಿಗೆ ಉಡುಗಿಹೋಯಿತು. ಜ್ವರಕ್ಕೆ ಪ್ಯಾರಾಸಿಟಮಾಲ್ ಬರೆಯಲೂ ಚೀಟಿ ಹಿಡಿದು ನನ್ನ ಮೇಜಿಗೆ ಬರುತ್ತಿದ್ದಳು. ಪೆನ್ನಿನ ತುದಿ ಕಾಗದಕ್ಕೆ ಮುಟ್ಟುತ್ತಿತ್ತು, ಅಲ್ಲೇ ನಿಲ್ಲುತ್ತಿತ್ತು. ದವಾಖಾನೆಯ ಮೇಲಧಿಕಾರಿ ನನ್ನನ್ನು ಕರೆದು, “ಮುದುಕಿಗೆ ಬಿಪಿ ಇತ್ತು, ಕಿಡ್ನಿ ಕೆಟ್ಟಿತ್ತು, ಜ್ವರ ಬಂತು. ಮನೆಯವರಿಗೆ ತಕರಾರಿಲ್ಲ. ನೀವ್ಯಾಕೆ ಕೆದಕುತ್ತೀರಿ?” ಎಂದರು. ಅವರು ಕೆಟ್ಟವರಲ್ಲ. ಒಂದು ಮನಸ್ಸಿಗೆ ನನಗೂ ಅದೇ ಬೇಕಾಗಿತ್ತು.

ಒಂದು ಮಧ್ಯಾಹ್ನ ಹುಡುಗಿ ಚೀಲ ಕಟ್ಟಿಕೊಂಡೇ ಬಂದಳು. “ನಾ ಮನಿಗಿ ಹೋಗ್ತೀನಿ ಮೇಡಂ. ಈ ಕೆಲಸ ನನ್ನಿಂದ ಆಗೂದಿಲ್ಲ. ಯಾವುದು ಕೊಟ್ಟರ ಸಾಯ್ತಾರ, ಯಾವುದು ಬಿಡಸಿದ್ರ ಸಾಯ್ತಾರ ಅಂತ ಅಂಜಿಕಿ ಬರ್ತದ.”

ಸಮಾಧಾನ ಹೇಳುವ ಗುಣ ನನ್ನದಲ್ಲ. ಅವಳ ಚೀಲ ನೋಡಿದಾಗ ಯೆಣೆಗೂರದ ಕಾಕಾ ನೆನಪಾದರು. ಅವರ ನಂತರ ಆಣೆ ಮಾಡಿದವರೆಲ್ಲ ನೆನಪಾದರು. ಅವರ ಪುಡಿಕೆಗಳಲ್ಲಿ ಆ ಸಣ್ಣ ಬಿಳಿಯದು ಇರಲಿಲ್ಲವೆಂದು ಯಾರು ಹೇಳಬೇಕು? ಅಳು ಬಂದಿದ್ದರೂ ಗದರಿಯೇ ಹೇಳಿದೆ: “ಹೋಗುವಿಯಂತೆ. ಆಣಿ ಹಾಕಿಸಿದವಳು ನೀನು, ಭೇಷ್ ಅಂದವಳು ನಾನು. ಆ ಆಣಿ ಎಲ್ಲ ಬಿಚ್ಚಿ ಆಮ್ಯಾಲೆ ಹೋಗು.”

ಅಂದೇ ಜೀಪು ಹತ್ತಿದೆವು. ಮೇಲಧಿಕಾರಿಗೆ ಹೋಗುತ್ತೇವೆ ಎಂದು ಹೇಳಿದೆ, ಅಪ್ಪಣೆ ಕೇಳಲಿಲ್ಲ. ಮನೆ ಮನೆಗೆ ಹೋಗಿ ಉಳಿದ ಪುಡಿಕೆ ಬಿಚ್ಚಿಸಿ ನೋಡಿದೆವು. ಕೂತಾಗ ಒಮ್ಮೆ, ನಿಂತಾಗ ಒಮ್ಮೆ ರಕ್ತದೊತ್ತಡ ಅಳೆದೆವು. ನಿಂತ ಕೂಡಲೇ ಒತ್ತಡ ಕುಸಿಯುವವರು, ಹಸಿವೆ ಸತ್ತವರು, ವಾಕರಿಕೆ ಬರುವವರು ಯಾರೆಂದು ಕೇಳಿದೆವು. ಎಲ್ಲರಿಗೂ ಒಂದೇ ಪ್ರಶ್ನೆ: ಎಂದಿನಿಂದ? ಹೆಚ್ಚಿನವರು ಕೆಲವು ದಿನ ತಿಂದು ಬಿಟ್ಟವರು, ಅವರಿಗೆ ಭಯವಿರಲಿಲ್ಲ. ಯೆಣೆಗೂರದ ಕಾಕಾ ಮಾತ್ರ ಹೊರಸಿನ ಮೇಲೆ ಮಲಗಿದ್ದರು. ಎದ್ದರೆ ಕಣ್ಣು ಕತ್ತಲೆ.

ಅಳತೆ ಮಾಡಿದ ಸ್ಟೀರಾಯ್ಡ್ ಗುಳಿಗೆಯನ್ನು ಹುಡುಗಿ ಅವರ ಅಂಗೈಯಲ್ಲಿಟ್ಟಳು. ಕಾಕಾ ಅದನ್ನು ನೋಡಿ ಮುಖ ಗಂಟಿಕ್ಕಿದರು. “ಅದೇ ಬಿಳಿ ಗುಳಿಗಿ ಅಲ್ಲೇನು? ಅವತ್ತ ಬ್ಯಾಡ ಅಂದಿ, ಇವತ್ತ ತಗೋ ಅಂತಿ. ಲಿಂಗ ಮುಟ್ಟಿದ ಮಾತಂದ್ರ ಹುಡುಗಾಟ ಆಗ್ಯಾದೇನವಾ ನಿನಗ?”

“ನಾ ತಪ್ಪಿ ಆಣಿ ಹಾಕ್ಸೀನಿ ಕಾಕಾ. ಪಾಪ ಅಂತ ಇದ್ರ ನನಗ ಹತ್ತಲಿ. ಈಗ ತಗೋರಿ. ದಿನಾ ಇಷ್ಟ ತಗೊಂಡು, ನಾ ಹೇಳಿದಂಗ ಇಳಿಸಿ ಬಿಡ್ರಿ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವ ಜನ. ಕಾಕಾ ಮಿಸುಕಲಿಲ್ಲ. ಅವಳು ಅಂಗಳದಲ್ಲಿ ಕೂತಳು, ನಾನೂ ಕೂತೆ. ಕಡೆಗೆ ಅವರು ಎದ್ದು ಗೋಡೆ ಹಿಡಿದುಕೊಂಡು ಹೋಗಿ ಕೈಕಾಲು ತೊಳೆದು, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ತುಟಿಯಲ್ಲೇ ಏನೋ ಹೇಳಿಕೊಂಡರು. ಆಮೇಲೆ ಗುಳಿಗೆ ನುಂಗಿದರು. ಕೆಲವು ದಿನಕ್ಕೆ ಅವರು ತಾವೇ ಬಸ್ಸು ಹತ್ತಿ ದವಾಖಾನೆಗೆ ಬಂದರು.

ನನ್ನ ದರಬಾರು ಅಲ್ಲಿಂದ ಬದಲಾಯಿತು. ಪೆನ್ಸಿಲ್ ಇತ್ತು, ಆದರೆ ಕಡಿಯುವ ಮೊದಲು ರೋಗಿ ಅದನ್ನು ಎಂದಿನಿಂದ ತಗೊಳ್ಳುತ್ತಿದ್ದಾನೆ, ಬಿಡಿಸಿದರೆ ಏನಾಗುತ್ತದೆ ಎಂಬ ಎರಡಕ್ಕೂ ಉತ್ತರ ಬೇಕು. ಸ್ಟೀರಾಯ್ಡ್, ಮೂರ್ಛೆರೋಗದ ಗುಳಿಗೆ, ನಿದ್ದೆಯ ಗುಳಿಗೆ, ಹೃದಯದ ಕೆಲವು ಗುಳಿಗೆ, ಇವನ್ನು ಹತ್ತುವುದಕ್ಕಿಂತ ಇಳಿಯುವುದು ಕಷ್ಟ ಎಂದು ವಾರಗಟ್ಟಲೆ ಇಳಿಸುವ ಲೆಕ್ಕವನ್ನೇ ಮಾಡಿಸಿದೆ. ಪುಣೆಯ ಹುಡುಗ ಈಗ ಚೇಷ್ಟೆ ಮಾಡುತ್ತಿರಲಿಲ್ಲ. ನಿಲಂಗಾದ ಹುಡುಗಿ ಲೆಕ್ಕವನ್ನೆಲ್ಲ ಬಾಯಲ್ಲಿ ಸರಿಯಾಗಿ ಹೇಳುತ್ತಿದ್ದಳು. ಬರೆಯಲು ಮಾತ್ರ ಅವಳ ಕೈ ಏಳುತ್ತಿರಲಿಲ್ಲ.

ತುರೋರಿಯ ಮನೆಯೊಂದು ಉಳಿದಿತ್ತು. ಅಲ್ಲಿ ಬಿಚ್ಚಲು ಆಣೆ ಇರಲಿಲ್ಲ, ಹೇಳಲು ನಿಜ ಇತ್ತು. ಹೋಗೋಣ ಮೇಡಂ ಎಂದು ಅವಳು ಕೇಳಿದಾಗಲೆಲ್ಲ ನಾನು ಜೀಪಿಲ್ಲ ಎಂದೆ, ಮೀಟಿಂಗ್ ಇದೆ ಎಂದೆ. ನಾವು ಹೋಗಲಿಲ್ಲ. ಮುತ್ಯಾನೇ ಬಂದರು.

ಮುಂಜಾನೆಯ ಗದ್ದಲದಲ್ಲಿ ಅವರು ಅವಳ ಸಾಲಿನಲ್ಲೇ ನಿಂತು, ತಮ್ಮ ಪಾಳಿ ಬಂದ ಮೇಲೆ ಸ್ಟೂಲಿನ ಮೇಲೆ ಕೂತರು. ನಾನು ಮೊದಲಿನ ಹಾಗೆಯೇ ಪಕ್ಕದ ಮೇಜಿನಲ್ಲಿದ್ದೆ.

“ನನಗೂ ಬಿಪಿ ಅದವಾ. ಮದಲ ಬ್ಯಾರೆ ಕಡಿ ತೋರಸ್ತಿದ್ದೆ. ಆ ಪೋರಿ ಕಡೀನೇ ತೋರಸ್ಕೋ ಅಂತ ನಮ್ಮಾಕಿ ಹೇಳ್ಯಾಳ.” ಮುತ್ಯಾ ನನ್ನ ಕಡೆ ತಿರುಗಿದರು. “ಆಕಿ ಮಾತ ತಪ್ಪಲಿಲ್ಲ. ಅದನ್ನ ಈಕಿಗಿ ಹೇಳ್ರಿ ಅಂತ ನಿಮಗ ಹೇಳಿ ಹೋದ್ಳು. ಹೇಳೀರಲ್ಲ ಮೇಡಂ?”

ಹುಡುಗಿ ನನ್ನನ್ನು ನೋಡಿದಳು. ನಾನು ಮೇಜು ನೋಡಿದೆ. ನಾನು ಮುಚ್ಚಿಟ್ಟದ್ದು ಅವಳಿಗೆ ಗೊತ್ತಾಯಿತು.

ಅವಳು ಎದ್ದು ಮೇಜು ಸುತ್ತಿ ಬಂದು ಮುತ್ಯಾನ ಮುಂದೆ ನೆಲದ ಮೇಲೆ ಕೂತಳು. “ಮುತ್ಯಾ, ಆಯಿ ಮಾತ ತಪ್ಪಬೇಕಿತ್ತು. ಆ ಪುಡಿಕ್ಯಾಗಿನ ಸಣ್ಣ ಬಿಳಿ ಗುಳಿಗಿ ಒಮ್ಮೆಲೇ ಬಿಡೂದಲ್ಲ. ಸಾವಕಾಶ ಇಳಿಸಿ ಬಿಡಬೇಕು. ನಾ ಕೇಳಲಿಲ್ಲ, ನೋಡಲಿಲ್ಲ, ಬಿಡಸ್ದೆ. ಅದಕ್ಕೇ ಆಯಿ ಹೋದ್ರು.”

“ನಾನೂ ಇಲ್ಲೇ ಕೂತಿದ್ದೆ ಮುತ್ಯಾ” ಎಂದೆ. “ನಾನೂ ತಡೀಲಿಲ್ಲ.”

ಮುತ್ಯಾ ನಮ್ಮಿಬ್ಬರನ್ನೂ ನೋಡಿದರು. ಬೈಯಲಿ ಎಂದು ನಾನು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತೇನೋ.

“ಒಂದ ಗುಳಿಗಿ ತಗೊಂಡಿದ್ರ ಉಳೀತಿದ್ಳೇನು?”

ಹುಡುಗಿ ಸುಳ್ಳು ಹೇಳಲಿಲ್ಲ. “ಉಳೀಬಹುದಿತ್ತು ಮುತ್ಯಾ.”

ಅವರು ತಮ್ಮ ಬಲಗೈಯನ್ನು ಬಿಚ್ಚಿ ನೋಡಿಕೊಂಡರು. “ನಾ ಒಂದ ಪುಡಿಕಿ ಆಕಿ ಕಣ್ಣ ತಪ್ಪಿಸಿ ತಗದಿಟ್ಟಿದ್ದೆ. ಅಷ್ಟ ತ್ರಾಸ ನೋಡೂದು ಆಗಲಿಲ್ಲ. ಈ ಕೈಲೆ ಬಾಯಿತನಾ ಒಯ್ದೆ. ಹಲ್ಲ ಕಚ್ಚಿ ಹಿಡದ್ಳು. ಲಿಂಗ ಮುಟ್ಟೀನಿ, ಆ ಪೋರಿಗಿ ಮಾತ ಕೊಟ್ಟೀನಿ ಅಂದ್ಳು. ನನಗ ಸಿಟ್ಟ ಬಂತು. ಹಂಗಾರ ಸಾಯಿ ಅಂದೆ.”

ಧೋತರದ ಚುಂಗಿನಿಂದ ಮುಖ ಒರೆಸಿಕೊಂಡರು. ಹುಡುಗಿಯ ತಲೆ ಅವರ ಮೊಣಕಾಲಿನ ಹತ್ತಿರ ಬಾಗಿತ್ತು. ಅವರು ಅದನ್ನು ಮುಟ್ಟಲಿಲ್ಲ, ಕಾಲನ್ನು ಹಿಂದಕ್ಕೂ ಎಳೆದುಕೊಳ್ಳಲಿಲ್ಲ. ಬಾಗಿಲಲ್ಲಿ ಪಾಳಿ ಕಾಯುತ್ತಿದ್ದವರು ಗೊಣಗತೊಡಗಿದರು. ಪುಣೆಯ ಹುಡುಗ ಹೋಗಿ ಅವರನ್ನು ತನ್ನ ಮೇಜಿಗೆ ಕರೆದುಕೊಂಡ.

ಸುಮಾರು ಹೊತ್ತಿನ ಮೇಲೆ ಮುತ್ಯಾ ಅಂಗಿಯ ಬಕ್ಕಣಕ್ಕೆ ಕೈ ಹಾಕಿ ತಮ್ಮ ಗುಳಿಗೆಯ ಖಾಲಿ ಪಟ್ಟಿಯನ್ನು ತೆಗೆದು ಮೇಜಿನ ಮೇಲೆ ಇಟ್ಟರು.

“ಇದು ನಂದು. ನಿನ್ನಿ ಮುಗದದ” ಎಂದರು. “ಇದು ಬಿಡೂ ಗುಳಿಗಿನೋ, ಬಿಡಬಾರದ ಗುಳಿಗಿನೋ, ಮದಲ ಅದನ್ನ ಹೇಳವಾ. ಆಮ್ಯಾಲೆ ಬರಿ.”

ಹುಡುಗಿ ಎದ್ದು ತನ್ನ ಕುರ್ಚಿಗೆ ಹೋದಳು. ಪಟ್ಟಿಯನ್ನು ಕೈಗೆ ತಗೊಂಡು ಹೆಸರು ಓದಿದಳು. ಹೇಳಲೆಂದು ತಲೆ ಎತ್ತಿದಳು, ಮತ್ತೆ ಹೆಸರಿನ ಮೇಲೆ ಬೆರಳಿಟ್ಟು ಓದಿದಳು. ಅವಳ ಬದಲಿಗೆ ನಾನು ಹೇಳಬಹುದಿತ್ತು, ಅವಳಿಗೇ ಬಿಟ್ಟೆ. ಮುತ್ಯಾ ಎದ್ದು ಹೋಗಲಿಲ್ಲ. ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು, ಅವಳು ಹೇಳಲಿ ಎಂದು ಕಾಯುತ್ತ ಕೂತರು.